ಫೀಲ್ಡ್ ಆಫ್ ಸ್ಕ್ರೀಮ್ಸ್, ಮೌಂಟ್‌ವಿಲ್: ಕತ್ತಲೆ, ಜೋಳದ ಹೊಲ ಮತ್ತೆ ಒಂದು ಹಳೇ ಬಾರ್ನ್

ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಡೆಲವೇರ್ ಕಡೆ ಇರೋ ಕನ್ನಡದವರು ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಬಿಡುವು ಮಾಡ್ಕೊಂಡು ಹೋಗಿ ಬರಬೇಕಾದ, ಹೆದರಿಸಿ ಮಜಾ ಕೊಡೋ ಜಾಗ ಇದು ಅಂತ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಕೆಲವರು ರಿವ್ಯೂ ಪೂರ್ತಿ ಓದೋದಿಲ್ಲ. ದುಡ್ಡಿಗೆ ಮೋಸ ಇಲ್ಲ. ಆದ್ರೆ ಯಾರನ್ನ ಕರ್ಕೊಂಡು ಹೋಗ್ಬೇಕು, ಯಾರನ್ನ ಬೇಡ, ಯಾವ ದಿನ ಹೋಗ್ಬೇಕು, ಏನು ಹಾಕ್ಕೊಂಡು ಹೋಗ್ಬೇಕು ಅನ್ನೋದು ಗೊತ್ತಿದ್ರೆ ಮಾತ್ರ ಆ ರಾತ್ರಿ ಚೆನ್ನಾಗಿರುತ್ತೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಗೊತ್ತಿಲ್ಲದವರಿಗೆ: ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿನ ಪಶ್ಚಿಮಕ್ಕೆ ಮೌಂಟ್‌ವಿಲ್ ಅಂತ ಸಣ್ಣ ಊರಿದೆ, 30ನೇ ಹೈವೇ ಪಕ್ಕದಲ್ಲೇ. ಅಲ್ಲಿನ ಒಂದು ಫಾರ್ಮ್‌ನಲ್ಲಿ 1993ರಲ್ಲಿ ಅಣ್ಣತಮ್ಮ ಇಬ್ರು ಸೇರಿ ಟ್ರ್ಯಾಕ್ಟರ್ ಹಿಂದೆ ಗಾಡಿ ಕಟ್ಟಿ ಜನರನ್ನ ರಾತ್ರಿ ಹೊಲದೊಳಗೆ ಕರ್ಕೊಂಡು ಹೋಗಿ ಹೆದರಿಸೋ ಹೇರೈಡ್ ಶುರು ಮಾಡಿದ್ರು. ಅದೇ ಬೆಳೀತಾ ಬೆಳೀತಾ ಈಗ ನಾಲ್ಕು ಆಗಿದೆ. ಹಾಂಟೆಡ್ ಹೇರೈಡ್ ಒಂದು, ಹಳೇ ಬಾರ್ನ್ (ಹುಲ್ಲು, ದನ ಇಡೋ ದೊಡ್ಡ ಕೊಟ್ಟಿಗೆ) ಒಳಗಿನ ಡೆನ್ ಆಫ್ ಡಾರ್ಕ್‌ನೆಸ್ ಒಂದು, ಹುಚ್ಚಾಸ್ಪತ್ರೆ ಥರ ಮಾಡಿರೋ ಫ್ರೈಟ್‌ಮೇರ್ ಅಸೈಲಮ್ ಒಂದು, ಆಮೇಲೆ ಬಯಲಲ್ಲಿ ನಡ್ಕೊಂಡು ಹೋಗೋ ನಾಕ್ಟರ್ನಲ್ ವೇಸ್ಟ್‌ಲ್ಯಾಂಡ್. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮೊದಲ ಭಾಗದ ತನಕ ಸೀಸನ್, ಹೆಚ್ಚಾಗಿ ವೀಕೆಂಡ್ ರಾತ್ರಿಗಳು. ಹಗಲು ಹೊತ್ತು ಅದೇ ಫಾರ್ಮ್‌ನಲ್ಲಿ ಕಾರ್ನ್ ಕಾಬ್ ಏಕರ್ಸ್ ಅಂತ ಮಕ್ಕಳಿಗೆ ಆಟ ಆಡೋ ಜಾಗ ನಡೆಯುತ್ತೆ, ಅದರ ಬಗ್ಗೆ ಕೊನೆಗೆ ಹೇಳ್ತೀನಿ.

ನಾವು ಹೋಗಿದ್ದು ನಾನು, ನನ್ನ ಹೆಂಡತಿ, ಕಾಲೇಜು ಓದ್ತಿರೋ ಅಕ್ಕನ ಮಗಳು, ಅವಳ ಇಬ್ರು ಫ್ರೆಂಡ್ಸು, ಆಮೇಲೆ ಊರಿಂದ ಬಂದಿದ್ದ ನಮ್ಮಮ್ಮ. ಅಮ್ಮನ್ನ ಕರ್ಕೊಂಡು ಹೋಗೋದು ಬೇಡ ಅಂತ ಹೆಂಡತಿ ಹೇಳಿದ್ಲು, ಆದ್ರೆ ಅಮ್ಮಂಗೆ ಮನೇಲಿ ಒಬ್ಬಳೇ ಟಿವಿ ಮುಂದೆ ಕೂತು ಕೂತು ಬೇಜಾರಾಗಿತ್ತು, ಹೊಲ ನೋಡ್ಬಹುದು ಅಂದ ತಕ್ಷಣ ಹೊರಟುನಿಂತ್ರು. ನ್ಯೂಜೆರ್ಸಿ ಕಡೆಯಿಂದ ಬರೋರು ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ನ ಮಾರ್ಗನ್‌ಟೌನ್ ಎಕ್ಸಿಟ್‌ನಲ್ಲಿ ಇಳಿದು 23ನೇ ರಸ್ತೆ ಹಿಡಿದು ನ್ಯೂ ಹಾಲೆಂಡ್ ಮೇಲೆ ಬನ್ನಿ, ಸ್ವಲ್ಪ ನಿಧಾನ ಆದ್ರೂ ದಾರಿ ತುಂಬ ಚೆನ್ನಾಗಿದೆ. ಅದು ಆಮಿಶ್ ಜನರ ಸೀಮೆ, ಕಾರು ಓಡಿಸದೆ ಹಳೇ ಕಾಲದ ಥರಾನೇ ಬದುಕೋ ಕ್ರಿಶ್ಚಿಯನ್ ಪಂಗಡ. ಹೊತ್ತು ಮುಳುಗೋ ಹೊತ್ತಿಗೆ ಕುದುರೆಗಾಡಿಗಳು ರಸ್ತೇಲೇ ಹೋಗ್ತಿರ್ತವೆ, ಹಿಂದೆ ತ್ರಿಕೋನದ ಕೆಂಪು ಕಿತ್ತಳೆ ರಿಫ್ಲೆಕ್ಟರ್ ಇರುತ್ತೆ, ಅದು ಕಂಡ ತಕ್ಷಣ ಸ್ಪೀಡ್ ಇಳಿಸಿ, ಏರು ದಾಟಿದ ಕೂಡ್ಲೇ ಎದುರಿಗೇ ಸಿಕ್ಕಿಬಿಡ್ತವೆ. ಕಿಟಕಿ ಇಳಿಸಿದ್ರೆ ಗೊಬ್ಬರದ ವಾಸನೆ ಗಮ್ ಅಂತ ಬರುತ್ತೆ, ಹುಡುಗೀರು ಮೂಗು ಮುಚ್ಕೊಂಡ್ರು, ಅಮ್ಮ ಮಾತ್ರ ಕಿಟಕಿ ಏರಿಸೋಕೆ ಬಿಡಲಿಲ್ಲ.

ಹೇರೈಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಉದ್ದನೆ ಗಾಡಿ, ಒಳಗೆ ಹುಲ್ಲಿನ ಮೇಲೆ ಎಲ್ಲರೂ ಒತ್ತೊತ್ತಾಗಿ ಕೂರಬೇಕು, ಮುಂದೆ ಟ್ರ್ಯಾಕ್ಟರು. ಲೈಟು ದೂರ ಆಗ್ತಾ ಆಗ್ತಾ ಎರಡೂ ಕಡೆ ಜೋಳ ಶುರುವಾಗುತ್ತೆ, ಅಂದ್ರೆ ನಮ್ಮ ಮುಸುಕಿನ ಜೋಳ, ಆಳೆತ್ತರಕ್ಕಿಂತ ಮೇಲೆ, ಪೂರಾ ಒಣಗಿದ್ದು. ನಮ್ಮಮ್ಮ ರಾಣೆಬೆನ್ನೂರ ಕಡೆಯವರು, ಅವರಪ್ಪಂದು ಹೊಲ, ಅವರಿಗೆ ದೆವ್ವ ಗಿವ್ವ ಯಾವುದೂ ಕಣ್ಣಿಗೆ ಬೀಳಲಿಲ್ಲ, ಮೊದಲು ಕಂಡಿದ್ದು ಬೆಳೆ. "ಅಲ್ಲೋ, ಗ್ವಾಂಜೋಳ ಇಷ್ಟ್ ಒಣಗಿ ನಿಂತೈತಿ, ಇನ್ನ ತೆನಿ ಮುರ್ದಿಲ್ಲಲ್ಲ ಇವ್ರು" ಅಂದ್ರು. ಇಲ್ಲಿ ಕಾಳಿಗೆ ಬೆಳೆಯೋ ಜೋಳಾನ ಗಿಡದಲ್ಲೇ ಒಣಗೋಕೆ ಬಿಟ್ಟು ಆಮೇಲೆ ಕಂಬೈನ್ ಮಷೀನ್ ಓಡಿಸ್ತಾರಮ್ಮ ಅಂತ ನಾನು ಹೇಳ್ತಿರೋವಾಗ್ಲೇ ಅಮ್ಮನ ಮಗ್ಗುಲಿಗೇ ಜೋಳದ ಸಾಲಿನಿಂದ ಒಬ್ಬ ಚೈನ್‌ಸಾ (ಮರ ಕೊಯ್ಯೋ ಇಂಜಿನ್ ಗರಗಸ) ಹಿಡ್ಕೊಂಡು ಭರ್‍ರ್ ಅಂತ ಎದ್ದ. ಇಡೀ ಗಾಡಿ ಒಂದೇ ಸಲ ಆ ಕಡೆಯಿಂದ ಈ ಕಡೆಗೆ ವಾಲಿತು, ನನ್ನ ಹೆಂಡತಿ ನನ್ನ ತೊಡೆ ಮೇಲೆ, ಯಾರೋ ಗೊತ್ತಿಲ್ಲದ ಹೆಂಗಸು ನನ್ನ ಹೆಂಡತಿ ಮೇಲೆ. ಅಮ್ಮ ಅವನನ್ನ ಗದರಿಸಿಬಿಟ್ರು, "ಏ ಹೋಗೋ ಅತ್ಲಾಗ" ಅಂತ, ಕನ್ನಡದಲ್ಲೇ. ಅವನು ಮಾತು ಅರ್ಥ ಆಗದಿದ್ರೂ ಧಾಟಿ ಅರ್ಥ ಆದವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು, ತಲೆ ಸೊಟ್ಟ ಮಾಡಿ ಅಮ್ಮನ್ನೇ ನೋಡ್ತಾ ಗಾಡಿ ಜೊತೆ ಜೊತೆಗೇ ಸ್ವಲ್ಪ ದೂರ ನಡ್ಕೊಂಡು ಬಂದ. ಮಾತಿಲ್ಲ, ಚೈನ್‌ಸಾ ಆಫ್. ಅದು ಸದ್ದಿಗಿಂತ ಭಯ ಆಯ್ತು ನಂಗೆ.

ಇಂಥ ಜಾಗದಲ್ಲಿ ಬಳಸೋ ಚೈನ್‌ಸಾಗೆ ಚೈನ್ ಇರೋದಿಲ್ಲ, ತೆಗೆದಿಟ್ಟಿರ್ತಾರೆ, ಇಂಜಿನ್ ಸದ್ದು ಮತ್ತೆ ಪೆಟ್ರೋಲ್ ಆಯಿಲ್ ವಾಸನೆ ಅಷ್ಟೇ ನಿಜ. ಅದು ಗೊತ್ತಿದ್ದೂ ಮೈ ಹಿಂದಕ್ಕೆ ಹೋಗುತ್ತೆ. ಒಣ ಜೋಳದ ಗರಿ ಇನ್ನೊಂದು. ಗಾಳಿ ಬೀಸಿದ್ರೂ ಸರಸರ, ಮನುಷ್ಯ ಓಡಿದ್ರೂ ಸರಸರ, ಇಲಿ ಹೋದ್ರೂ ಸರಸರ, ಯಾವುದು ಯಾವುದು ಅಂತ ಗೊತ್ತೇ ಆಗಲ್ಲ. ಸಿಟಿ ಒಳಗೆ ಗೋಡೌನ್‌ನಲ್ಲಿ ಮಾಡೋ ಹಾಂಟೆಡ್ ಹೌಸ್‌ಗಳಲ್ಲಿ ಇದನ್ನ ಸ್ಪೀಕರ್ ಇಟ್ಟು ಮಾಡ್ತಾರೆ, ಇಲ್ಲಿ ಅದು ಹೊಲದ್ದೇ ಸದ್ದು. ನನ್ನ ಪ್ರಕಾರ ಇಲ್ಲಿಗೆ ಇಷ್ಟು ದೂರ ಬರೋಕೆ ಮುಖ್ಯ ಕಾರಣ ಇದೇ, ಫಾರ್ಮ್ ನಿಜವಾದ ಫಾರ್ಮು, ಕತ್ತಲೆ ನಿಜವಾದ ಕತ್ತಲೆ. ಮೇಲೆ ನೋಡಿದ್ರೆ ನಕ್ಷತ್ರ ಕಾಣುತ್ತೆ, ಕಾಲು ಕೆಳಗೆ ಹುಲ್ಲು ಚುಚ್ಚುತ್ತೆ, ಚಳಿಗೆ ಬಾಯಿಂದ ಹೊಗೆ ಬರ್ತಿರುತ್ತೆ.

ಈಗ ಬಾರ್ನು. ಡೆನ್ ಆಫ್ ಡಾರ್ಕ್‌ನೆಸ್. ಒಂದೇ ಒಂದಕ್ಕೆ ಮಾತ್ರ ಧೈರ್ಯ ಇದೆ ಅನ್ನೋರು ಇದಕ್ಕೆ ಹೋಗಿ. ಹಳೇ ಕಾಲದ ದೊಡ್ಡ ಬಾರ್ನ್, ಒಳಗೆ ಮರದ ತೊಲೆ ಮರದ ಹಲಗೆ, ಸಣ್ಣ ಸಣ್ಣ ದಾರಿ ಮಾಡಿ ಮೇಲೆ ಹತ್ತಿಸಿ ಕೆಳಗೆ ಇಳಿಸಿ ಸುತ್ತಿಸ್ತಾರೆ, ಎರಡು ತಿರುವು ಆದ್ಮೇಲೆ ಬಾಗಿಲು ಯಾವ ಕಡೆ ಇತ್ತು ಅಂತ ಮರೆತೇಹೋಗುತ್ತೆ. ಹಲಗೆ ಮೇಲೆ ಕಾಲಿಟ್ರೆ ಕಿರ್ ಅನ್ನುತ್ತೆ, ನಿಮ್ಮ ಕಾಲಿನದ್ದೋ ಹಿಂದಿನವರದ್ದೋ ಇನ್ನೊಬ್ಬರದ್ದೋ.

ಒಂದು ಕೋಣೇಲಿ ಆದದ್ದು ಹೇಳ್ತೀನಿ, ಪೂರ್ತಿ ಬಿಡಿಸಿ ಹೇಳಲ್ಲ, ಹೋಗೋರಿಗೆ ಮಜಾ ಹೋಗುತ್ತೆ. ಗೋಡೆಗೆ ಒರಗಿಸಿ ಸಾಲಾಗಿ ಗೊಂಬೆಗಳನ್ನ ಕೂರಿಸಿದಾರೆ, ಹಳೇ ಬಟ್ಟೆ, ಮುಖಕ್ಕೆ ಗೋಣಿ. ನಾವೆಲ್ಲ ಇದರಲ್ಲಿ ಒಂದು ಮನುಷ್ಯ ಇರುತ್ತೆ ಅಂತ ಮೊದಲೇ ಊಹೆ ಮಾಡಿದ್ವಿ, ಯಾರಾದ್ರೂ ಮಾಡ್ತಾರೆ. ಅಕ್ಕನ ಮಗಳು ಒಂದೊಂದನ್ನೇ ಬಗ್ಗಿ ನೋಡ್ತಾ "ಮಾಮಾ ಇದಲ್ಲ, ಇದೂ ಅಲ್ಲ" ಅಂತ ಎಣಿಸ್ಕೊಂಡು ಹೋಗ್ತಿದ್ಲು. ನಾನು ಒಂದರ ಕೈ ನೋಡಿದೆ, ಬೆರಳಿನ ಉಗುರು ಸಂದಿಯಲ್ಲಿ ಕಪ್ಪು ಬಣ್ಣ, ಮಣಿಕಟ್ಟಿನ ಹತ್ರ ಸಣ್ಣ ಕೂದಲು. ಮನುಷ್ಯನೇ. ಅವನು ಕದಲಲೇ ಇಲ್ಲ. ಉಸಿರು ಕೂಡ ಕಾಣಲಿಲ್ಲ. ನಾವೆಲ್ಲ ಅವನನ್ನೇ ಕಾಯ್ತಾ ಕಾಯ್ತಾ ಅವನ ಕಡೆ ಮುಖ ಮಾಡಿಕೊಂಡು ಅಡ್ಡಡ್ಡ ಹೆಜ್ಜೆ ಹಾಕ್ತಾ ಬಾಗಿಲ ಹತ್ರ ಬಂದ್ವಿ, ಆಗ ನಮ್ಮ ಬೆನ್ನ ಹಿಂದಿನ ಗೋಡೆಯಿಂದ ಇನ್ನೊಬ್ಬ ಬಂದ. ನನ್ನ ಬಾಯಿಂದ ಬಂದ ಸದ್ದು ನಂಗೇ ಹೊಸದು. ಆಚೆ ಬಂದಮೇಲೆ ತಿರುಗಿ ನೋಡಿದ್ರೆ ಗೊಂಬೆ ಥರ ಕೂತವನು ಆಗಲೂ ಹಾಗೇ ಕೂತಿದ್ದ.

ಇದನ್ನ ಕೆಲಸ ಅಂತ ನೋಡಿದ್ರೆ ಎಷ್ಟು ಕಷ್ಟ ಗೊತ್ತಾ, ಒಂದು ರಾತ್ರಿಗೆ ಎಷ್ಟೊಂದು ಗುಂಪು ಹೋಗ್ತವೆ, ಪ್ರತಿ ಗುಂಪಿಗೂ ಅದೇ ಕ್ಷಣಕ್ಕೆ ಸರಿಯಾಗಿ ಬರಬೇಕು, ಅರ್ಧ ಸೆಕೆಂಡ್ ಮುಂಚೆ ಬಂದ್ರೆ ನಗು ಬರುತ್ತೆ, ಅರ್ಧ ಸೆಕೆಂಡ್ ತಡ ಆದ್ರೆ ಜನ ದಾಟಿಹೋಗಿರ್ತಾರೆ. ಗುಂಪಿನಲ್ಲಿ ಯಾರು ಜಾಸ್ತಿ ಹೆದರ್ತಿದಾರೆ ಅಂತ ಮುಂದಿನ ಕೋಣೆಯವರಿಗೆ ಹೆಂಗೋ ಗೊತ್ತಾಗಿಬಿಡುತ್ತೆ, ನಮ್ಮ ಗುಂಪಿನಲ್ಲಿ ಒಬ್ಬಳು ಫ್ರೆಂಡ್ ಕಣ್ಣು ಮುಚ್ಚಿಕೊಂಡೇ ನಡೀತಿದ್ಲು, ಎಲ್ಲರೂ ಅವಳ ಕಿವಿ ಹತ್ರಾನೇ ಬಂದು ಪಿಸುಗುಟ್ಟಿದ್ರು. ಆದ್ರೆ ಒಬ್ಬರೂ ಮುಟ್ಟಲಿಲ್ಲ, ಅಷ್ಟು ಇಕ್ಕಟ್ಟಿನಲ್ಲಿ ಬೆರಳಷ್ಟು ದೂರ ಇಟ್ಕೊಂಡೇ ಎಲ್ಲ ಮಾಡ್ತಾರೆ. ಹೆಣ್ಣುಮಕ್ಕಳನ್ನ ಕರ್ಕೊಂಡು ಹೋಗೋವಾಗ ನಂಗೆ ಇದೊಂದು ಚಿಂತೆ ಇತ್ತು, ಅದು ಹೋಯ್ತು.

ಅಸೈಲಮ್ ಬಗ್ಗೆ ಜಾಸ್ತಿ ಬರೆಯೋಲ್ಲ, ರಕ್ತ, ಆಪರೇಷನ್ ಟೇಬಲ್ಲು, ಕಿರುಚಾಟ ಇಷ್ಟ ಇರೋರಿಗೆ ಸಿಕ್ಕಾಪಟ್ಟೆ ಹಿಡಿಸುತ್ತೆ, ಹುಡುಗೀರಿಗೆ ಅದೇ ಬೆಸ್ಟ್ ಅನ್ನಿಸ್ತು. ನನಗೆ ಆಸ್ಪತ್ರೆ ಅಂದ್ರೆ ಬೇರೆ ನೆನಪು, ಹಾಗಾಗಿ ಬೇಗ ದಾಟಿಬಿಟ್ಟೆ. ಸ್ಟ್ರೋಬ್ ಲೈಟ್, ಅಂದ್ರೆ ಪಟಪಟ ಅಂತ ಹೊಡೆಯೋ ಬೆಳಕು ಈ ಥರ ಜಾಗಗಳಲ್ಲಿ ಮಾಮೂಲಿ, ಫಿಟ್ಸ್ ಬರೋರು, ಮೈಗ್ರೇನ್ ಇರೋರು ದಯವಿಟ್ಟು ಹೋಗ್ಬೇಡಿ. ಮಂಜಿನ ಮಷೀನ್ ಹೊಗೆಗೆ ಆಸ್ತಮಾ ಇರೋರಿಗೆ ಕೆಮ್ಮು ಬರಬಹುದು, ಇನ್‌ಹೇಲರ್ ಜೇಬಲ್ಲಿರಲಿ. ವೇಸ್ಟ್‌ಲ್ಯಾಂಡ್ ಬಯಲಲ್ಲಿ ನಡೆಯೋ ದಾರಿ, ಪ್ರಪಂಚ ಹಾಳಾದಮೇಲೆ ಉಳಿದವರ ಕಥೆ ಥರ, ಮಳೆ ಬಂದಿದ್ರೆ ಒಳ್ಳೇ ಬೂಟು ಬೇಕು.

ಇನ್ನೊಂದು ವಿಷಯ ನಾನು ಬರೀಲೇಬೇಕು. ಇದಕ್ಕೂ ಹಿಂದಿನ ವರ್ಷ ನಾವು ಬೇರೆ ರಾಜ್ಯದಲ್ಲಿ ಬೇರೊಂದು ಫಾರ್ಮ್‌ಗೆ ಇದೇ ಥರ ಹೇರೈಡ್‌ಗೆ ಹೋಗಿದ್ವಿ, ಹೆಸರು ಬೇಡ. ಟಿಕೆಟ್ ಕಮ್ಮಿ ಅಂತ ಹೋಗಿದ್ದು. ಗಾಡಿಗೆ ಬದಿಯಲ್ಲಿ ಕಟೆಕಟೆ ಸರಿಯಿಲ್ಲ, ಕೂರೋಕೆ ಜಾಗ ಇಲ್ಲದಿದ್ರೂ ಇನ್ನೂ ನಾಲ್ಕು ಜನ ಹತ್ತಿ ಹತ್ತಿ ಅಂತಿದ್ರು, ಇಳಿಜಾರಿನಲ್ಲಿ ಎಳೆಯೋ ಗಾಡಿ ತಡೆದು ತಡೆದು ಹೋಗ್ತಿತ್ತು, ಹಿಂದೆ ಕೂತ ಹುಡುಗನೊಬ್ಬ ಕಾಲು ಹೊರಗೆ ನೇತಾಡಿಸ್ತಿದ್ದ, ಯಾರೂ ಒಂದು ಮಾತು ಹೇಳಲಿಲ್ಲ. ಅವತ್ತು ನಂಗೆ ದೆವ್ವದ ಭಯ ಆಗಲೇ ಇಲ್ಲ, ಪೂರ್ತಿ ಹೊತ್ತು ಗಾಡಿ ಭಯಾನೇ. 2014ರ ಅಕ್ಟೋಬರ್‌ನಲ್ಲಿ ಮೇನ್ ರಾಜ್ಯದಲ್ಲಿ ಹೇರೈಡ್ ಗಾಡಿ ಇಳಿಜಾರಿನಲ್ಲಿ ಹಿಡಿತ ತಪ್ಪಿ ಹದಿನೇಳು ವರ್ಷದ ಹುಡುಗಿ ಸತ್ತುಹೋದಳು, ತುಂಬ ಜನಕ್ಕೆ ಪೆಟ್ಟಾಯ್ತು. ಅದಕ್ಕೂ ಹಿಂದೆ 1984ರ ಮೇ 11ರಂದು ನಮ್ಮ ನ್ಯೂಜೆರ್ಸಿಯದ್ದೇ ಒಂದು ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿನ ಹಾಂಟೆಡ್ ಕ್ಯಾಸಲ್‌ಗೆ ಬೆಂಕಿ ಬಿದ್ದು ಎಂಟು ಜನ ಹದಿಹರೆಯದ ಮಕ್ಕಳು ಹೊರಗೆ ಬರೋಕಾಗದೆ ಸತ್ರು, ಒಳಗೆ ಬೆಂಕಿ ಬಿದ್ರೆ ತಾನೇ ನೀರು ಚಿಮ್ಮೋ ಸ್ಪ್ರಿಂಕ್ಲರ್ ಇರಲಿಲ್ಲ. ಆಮೇಲೆ ಇಡೀ ದೇಶದಲ್ಲಿ ಇಂಥ ಕಟ್ಟಡಗಳಿಗೆ ಬೆಂಕಿ ನಿಯಮ ಬಿಗಿ ಆಯ್ತು, ಸ್ಪ್ರಿಂಕ್ಲರ್, ಹೊಗೆ ಕಂಡುಹಿಡಿಯೋ ಅಲಾರಂ, ಏನಾದ್ರೂ ಆದ್ರೆ ಲೈಟ್ ಹತ್ತಿ ದಾರಿ ತೋರಿಸೋ ವ್ಯವಸ್ಥೆ, ಎಲ್ಲ.

ಕತ್ತಲೆ, ಇಕ್ಕಟ್ಟು, ಮರ, ಬಟ್ಟೆ, ಗಾಬರಿಯಾದ ಜನ, ಎಲ್ಲ ಒಂದೇ ಕಡೆ ಇರುತ್ತೆ ಅಂತ ಯೋಚನೆ ಮಾಡಿ ನೋಡಿ. ಅದಕ್ಕೇ ನಾನು ಈಗ ಎಲ್ಲಿ ಹೋದ್ರೂ ಒಳಗೆ ಹೋದ ತಕ್ಷಣ ಮೊದಲು ಎಕ್ಸಿಟ್ ಬೋರ್ಡ್ ಹುಡುಕ್ತೀನಿ. ಮೌಂಟ್‌ವಿಲ್‌ನಲ್ಲಿ ಅಷ್ಟು ಕತ್ತಲೆಯೊಳಗೂ ಬೋರ್ಡ್ ಕಾಣ್ತಿತ್ತು, ಗುಂಪು ಗುಂಪಾಗಿ ಅಂತರ ಬಿಟ್ಟೇ ಒಳಗೆ ಬಿಡ್ತಿದ್ರು, ಗಾಡಿ ಹತ್ತೋವಾಗ ಕೂತೇ ಇರಬೇಕು ಅಂತ ಹೇಳಿದ್ರು, ನಮ್ಮ ಗಾಡೀಲಿ ಎದ್ದು ನಿಂತು ಫೋನ್ ಎತ್ತಿದವನನ್ನ ಅಲ್ಲೇ ಕೂರ್ಸಿದ್ರು. ಅಮ್ಮ ಗಾಡಿ ಹತ್ತೋವಾಗ ಅಲ್ಲಿನ ಹುಡುಗ ಒಬ್ಬ ಬಂದು ಕೈ ಕೊಟ್ಟು, ಅವರು ಸರಿಯಾಗಿ ಕೂತ್ಕೊಳ್ಳೋ ತನಕ ಮುಂದಿನವರನ್ನ ಬಿಡಲಿಲ್ಲ. ಈ ಥರ ನೋಡ್ಕೊಂಡ್ರೆ ಮಾತ್ರ ಮನಸ್ಸು ಹಗುರ ಆಗಿ ನಿಜವಾಗ್ಲೂ ಹೆದರೋಕೆ ಸಾಧ್ಯ. ಅಗ್ಗ ಅಂತ ಎಲ್ಲೆಲ್ಲೋ ಹೋಗೋ ಬದಲು ಇನ್ನೊಂದಿಷ್ಟು ಡಾಲರ್ ಹಾಕಿ ಹಳಬರು ನಡೆಸೋ ಕಡೆ ಹೋಗಿ ಅಂತ ನಾನು ಒತ್ತಿ ಹೇಳ್ತೀನಿ, ಅದರಲ್ಲೂ ಮಕ್ಕಳ ಗುಂಪನ್ನ ಅವರಷ್ಟಕ್ಕೇ ಕಳಿಸೋ ಅಪ್ಪ ಅಮ್ಮಂದಿರಿಗೆ.

ಟಿಕೆಟ್ ಆನ್‌ಲೈನ್‌ನಲ್ಲೇ ತಗೊಳ್ಳಿ. ದಿನ ನೋಡ್ಕೊಂಡು ರೇಟ್ ಬದಲಾಗುತ್ತೆ, ನಾಲ್ಕಕ್ಕೂ ಸೇರಿ ಕಾಂಬೋ ತಗೊಂಡ್ರೆ ಬಿಡಿ ಬಿಡಿಯಾಗಿ ತಗೊಳ್ಳೋದಕ್ಕಿಂತ ಲಾಭ. ಹ್ಯಾಲೊವೀನ್ ಹತ್ರದ ಶನಿವಾರಗಳು ಜಾತ್ರೆ ಥರ ಜನ ಇರ್ತಾರೆ, ಕ್ಯೂನಲ್ಲಿ ನಿಲ್ಲೋಕೆ ಆಗೋದಿಲ್ಲ ಅನ್ನೋರಿಗೆ ಜಾಸ್ತಿ ದುಡ್ಡಿನ ವಿಐಪಿ ಟಿಕೆಟ್ ಇದೆ, ಆದ್ರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರದ ಭಾನುವಾರ ಹೋದ್ರೆ ಅದರ ಅಗತ್ಯಾನೇ ಬೀಳಲ್ಲ. ಹೊಲದಲ್ಲಿ ರಾತ್ರಿ ಚಳಿ ಊರೊಳಗಿನ ಚಳಿಗಿಂತ ಜಾಸ್ತಿ, ಜಾಕೆಟ್ ಮೇಲೆ ಒಂದು ಶಾಲು, ಕಿವಿ ಮುಚ್ಚೋ ಟೋಪಿ, ಕೆಸರಾದ್ರೂ ಪರವಾಗಿಲ್ಲ ಅನ್ನೋ ಶೂ. ಚಪ್ಪಲಿ, ಹೀಲ್ಸ್, ರೇಷ್ಮೆ ದುಪಟ್ಟಾ ಯಾವುದೂ ಬೇಡ, ಹುಲ್ಲು ಎಲ್ಲದಕ್ಕೂ ಅಂಟ್ಕೊಳ್ಳುತ್ತೆ, ಮನೆಗೆ ಬಂದು ಕಾರಿನಿಂದ ಹುಲ್ಲು ಕಡ್ಡಿ ಆರಿಸೋದೇ ಒಂದು ಕೆಲಸ.

ಊಟ ನಾವು ದಾರೀಲೇ ಮುಗಿಸ್ಕೊಂಡು ಹೋಗಿದ್ವಿ, ಚಿತ್ರಾನ್ನ ಮೊಸರನ್ನ ಕಟ್ಕೊಂಡು. ಅಲ್ಲಿ ಒಳಗೆ ತಿಂಡಿ ಅಂಗಡಿಗಳಿವೆ, ಸಸ್ಯಾಹಾರಿಗಳು ಫ್ರೆಂಚ್ ಫ್ರೈಸ್, ಕೆಟಲ್ ಕಾರ್ನ್ (ಸಿಹಿ ಪಾಪ್‌ಕಾರ್ನ್) ಅಂಥದ್ದನ್ನ ನೋಡ್ಕೋಬೇಕು. ಫನಲ್ ಕೇಕ್ ನೋಡೋಕೆ ನಮ್ಮ ಜಿಲೇಬಿ ಥರ ಸುತ್ತಿ ಎಣ್ಣೇಲಿ ಕರಿದು ಮೇಲೆ ಸಕ್ಕರೆ ಪುಡಿ ಉದುರಿಸಿರ್ತಾರೆ, ಮೊಟ್ಟೆ ತಿನ್ನದವರು ಹುಷಾರು, ಸಾಮಾನ್ಯವಾಗಿ ಅದರ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ. ಬಿಸಿ ಆಪಲ್ ಸೈಡರ್ ಎಲ್ಲಾದ್ರೂ ಕಂಡ್ರೆ ಬಿಡಬೇಡಿ, ಅದು ಮದ್ಯ ಅಲ್ಲ, ಸೇಬಿನ ರಸ ಚಕ್ಕೆ ಲವಂಗ ಹಾಕಿ ಕಾಯಿಸಿದ್ದು, ಈ ಸೀಮೇಲಿ ಅಕ್ಟೋಬರ್‌ನಲ್ಲಿ ಸಿಗೋದು ತುಂಬ ಚೆನ್ನಾಗಿರುತ್ತೆ. ಅಮ್ಮ ಮತ್ತೆ ನನ್ನ ಹೆಂಡತಿ ಹೇರೈಡ್ ಒಂದೇ ಮಾಡಿ ಆಮೇಲೆ ಹೊರಗಿನ ಬಯಲಲ್ಲೇ ಕೂತು ಜನ ನೋಡ್ತಿದ್ರು, ಅದೂ ಒಳ್ಳೇ ಟೈಂಪಾಸೇ, ವೇಷ ಹಾಕ್ಕೊಂಡವರು ಅಲ್ಲೂ ಸುತ್ತಾಡ್ತಿರ್ತಾರೆ, ಅಮ್ಮನ ಹತ್ರ ಬಂದ ಒಂದು ಬೆರ್ಚಪ್ಪನ ವೇಷದವನಿಗೆ ಕೈ ಮುಗಿದು ಕಳಿಸಿದ್ರಂತೆ.

ವಯಸ್ಸಾದವರಿಗೆ ಹೇರೈಡ್ ಮಾತ್ರ ಸಾಕು, ಅದೂ ಮಂಡಿ ಸೊಂಟ ಗಟ್ಟಿ ಇದ್ರೆ, ಗಾಡಿ ಕುಲುಕಾಟ ಚೆನ್ನಾಗೇ ಇರುತ್ತೆ. ಬಾರ್ನ್‌ನಲ್ಲಿ ಮೆಟ್ಟಿಲು, ಕತ್ತಲೆ, ಬೇಡ. ಬಸುರಿಯರು, ಹಾರ್ಟ್ ತೊಂದರೆ ಇರೋರು ಯಾವುದಕ್ಕೂ ಹೋಗ್ಬೇಡಿ. ಮಕ್ಕಳ ವಿಷಯಕ್ಕೆ ನಮ್ಮವರಲ್ಲಿ ಒಂದು ಅಭ್ಯಾಸ ಇದೆ, ಏನಾಗಲ್ಲ ಬಿಡಿ ಅಂತ ಐದು ವರ್ಷದ್ದನ್ನೂ ಎತ್ಕೊಂಡು ಹೋಗಿಬಿಡೋದು. ಕ್ಯೂನಲ್ಲಿ ನಮ್ಮ ಮುಂದೆ ಒಬ್ಬ ಅಪ್ಪ ಹಾಗೆ ಎತ್ಕೊಂಡು ನಿಂತಿದ್ರು, ಮಗು ಅವರ ಕತ್ತಲ್ಲಿ ಮುಖ ಹುದುಗಿಸಿ ಮನೆಗೆ ಹೋಗೋಣ ಅಂತ ಒಂದೇ ಸಮ ಹೇಳ್ತಿತ್ತು, ಅಪ್ಪ ನಗ್ತಾ ಇದ್ರು. ನೋಡೋಕೆ ಸಂಕಟ ಆಯ್ತು. ಇದು ದೊಡ್ಡವರಿಗೆ ಮಾಡಿರೋದು. ಗೊಂಬೆ ಯಾವುದು ಮನುಷ್ಯ ಯಾವುದು ಅಂತ ಬಿಡಿಸಿ ನೋಡೋ ವಯಸ್ಸು ಬರದ ಮಗುವಿಗೆ ಆ ಚೈನ್‌ಸಾದವನು ಸುಳ್ಳಲ್ಲ, ಆಮೇಲೆ ಎಷ್ಟು ರಾತ್ರಿ ನಿದ್ದೆ ಕೆಡುತ್ತೋ. ನನ್ನ ಕೇಳಿದ್ರೆ ಹನ್ನೆರಡು ಹದಿಮೂರರ ಒಳಗಿನವರು ಬೇಡ, ಅದಕ್ಕಿಂತ ದೊಡ್ಡವರಾದ್ರೂ ಅವರೇ ಬರ್ತೀನಿ ಅಂದ್ರೆ ಮಾತ್ರ.

ಸಣ್ಣ ಮಕ್ಕಳಿದ್ರೆ ಹಗಲಿನಲ್ಲಿ ಬನ್ನಿ, ಕಾರ್ನ್ ಕಾಬ್ ಏಕರ್ಸ್‌ಗೆ. ದೆವ್ವ ಇಲ್ಲ, ಕುಂಬಳಕಾಯಿ ಇದೆ, ಆಟ ಇದೆ, ಜೋಳದ ಹೊಲದೊಳಗೆ ದಾರಿ ಹುಡುಕೋ ಮೇಜ್ ಇದೆ. ಈ ದೊಡ್ಡ ದೊಡ್ಡ ಕಾರ್ನ್ ಮೇಜ್ ಅನ್ನೋ ಚಾಳಿ ಶುರುವಾಗಿದ್ದೂ ಈ ಸೀಮೆಯಲ್ಲೇ, ಪಕ್ಕದ ಲೆಬನಾನ್ ಕೌಂಟಿಯ ಆನ್‌ವಿಲ್‌ನಲ್ಲಿ 1993ರಲ್ಲಿ, ಇವರು ಹೇರೈಡ್ ಶುರು ಮಾಡಿದ ವರ್ಷವೇ. ಬರೀ ಬೆಳೆ ಮಾರಿ ಫಾರ್ಮ್ ಉಳಿಸ್ಕೊಳ್ಳೋದು ಇಲ್ಲೂ ಕಷ್ಟ, ಸುತ್ತ ಎಲ್ಲ ಮನೆ ಲೇಔಟ್ ಆಗ್ತಿರೋ ಜಾಗದಲ್ಲಿ ಈ ಎರಡು ತಿಂಗಳ ಜನ ಬಂದ್ರೆ ಹೊಲ ಹೊಲವಾಗೇ ಉಳಿಯುತ್ತೆ. ರಾಣೆಬೆನ್ನೂರ ಸುತ್ತ ಸೈಟ್ ಆಗಿಹೋದ ಹೊಲಗಳನ್ನ ನೋಡಿರೋ ಅಮ್ಮಂಗೆ ಈ ಮಾತು ಹೇಳಿದಾಗ ತುಂಬ ಹೊತ್ತು ಅದನ್ನೇ ಕೇಳ್ತಿದ್ರು, ಎಕರೆಗೆ ಎಷ್ಟು ಬರುತ್ತೆ, ಜನ ತುಳಿದ ಜೋಳ ಏನ್ಮಾಡ್ತಾರೆ, ಟಿಕೆಟ್ ದುಡ್ಡಲ್ಲಿ ಆಳಿನ ಕೂಲಿ ಹೋಗಿ ಎಷ್ಟು ಉಳಿಯುತ್ತೆ ಅಂತ. ನಂಗೆ ಉತ್ತರ ಗೊತ್ತಿರಲಿಲ್ಲ.

ಒಟ್ಟು ನಾಲ್ಕನ್ನೂ ಮಾಡೋಕೆ ಮೂರು ನಾಲ್ಕು ಗಂಟೆ ಇಟ್ಕೊಳ್ಳಿ, ಕತ್ತಲಾಗೋ ಹೊತ್ತಿಗೇ ಅಲ್ಲಿರಿ. ಮೊದಲು ಬಾರ್ನ್, ಆಮೇಲೆ ಅಸೈಲಮ್, ವೇಸ್ಟ್‌ಲ್ಯಾಂಡ್, ಕಾಲು ಸೋತಮೇಲೆ ಕೂತು ಹೋಗೋ ಹೇರೈಡ್ ಕೊನೆಗೆ. ಅಮ್ಮ ಅಪ್ಪ ಜೊತೆಗಿದ್ರೆ ಮಾತ್ರ ಉಲ್ಟಾ ಮಾಡಿ, ಚಳಿ ಏರೋಕೆ ಮುಂಚೆ ಅವರಿಗೆ ಹೇರೈಡ್ ಮುಗಿಸಿಬಿಡಿ. ವಾಪಸ್ ಬರೋವಾಗ ರಾತ್ರಿ 23ನೇ ರಸ್ತೆ ಬೇಡ, ಜಿಂಕೆ ಅಡ್ಡ ಬರ್ತವೆ, ಹೈವೇ ಹಿಡಿದೇ ಬನ್ನಿ.